ರಾಸಾಯನಿಕ ಕ್ರಿಯಾಜಾಲವನ್ನು ಗ್ರಾಫ್ ಆಗಿ ಓದುವ ಕ್ರಮ

ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿಗಳು ಕ್ರಿಯಾಜಾಲ (ಒಂದಕ್ಕೊಂದು ಹೆಣೆದುಕೊಂಡ ರಾಸಾಯನಿಕ ಕ್ರಿಯೆಗಳ ಗುಂಪು) ಎದುರಾದರೆ ನೇರವಾಗಿ ಅವಕಲ ಸಮೀಕರಣಗಳಿಗೆ, ಎಂದರೆ ಬದಲಾವಣೆಯ ವೇಗ ಹೇಳುವ ಸಮೀಕರಣಗಳಿಗೆ, ಕೈಹಾಕುವುದುಂಟು. ಅದಕ್ಕೂ ಮೊದಲು ಹಾಳೆಯ ಮೇಲೆ ಗ್ರಾಫ್, ಎಂದರೆ ಬಿಂದು-ಬಾಣಗಳ ಚಿತ್ರ, ಬರೆಯುವುದು ಲೇಸು. ಹಾಲಿನ ಲ್ಯಾಕ್ಟೋಸನ್ನು ಲ್ಯಾಕ್ಟೇಸ್ ಕಿಣ್ವ ಒಡೆಯುವ ಕ್ರಿಯೆಯನ್ನೇ ತೆಗೆದುಕೊಳ್ಳಿ. ಬಾಣದ ಎಡಬಲಗಳಲ್ಲಿ ಬರುವ ಇಡೀ ಗುಂಪನ್ನು, ಎಂದರೆ ‘ಕಿಣ್ವ + ಲ್ಯಾಕ್ಟೋಸ್’, ‘ಕಿಣ್ವ-ಲ್ಯಾಕ್ಟೋಸ್ ಜೋಡಿ’, ‘ಕಿಣ್ವ + ಗ್ಲೂಕೋಸ್ + ಗ್ಯಾಲಕ್ಟೋಸ್’ ಎಂಬ ಮೂರನ್ನು, ಒಂದೊಂದು ಬಿಂದುವಾಗಿ ಗುರುತಿಸಬೇಕು. ಬಿಡಿ ಅಣುವನ್ನು ಬಿಂದುವಾಗಿಸಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಮೊದಲೆರಡರ ನಡುವೆ ಎರಡೂ ದಿಕ್ಕಿಗೆ ಬಾಣ, ಎರಡನೆಯದರಿಂದ ಮೂರನೆಯದಕ್ಕೆ ಒಂದೇ ಬಾಣ.

ಈಗ ಎಣಿಸಿ: ಬಿಂದುಗಳು 3, ಬೇರೆಬೇರೆಯಾಗಿ ನಿಂತ ತುಣುಕುಗಳು 1, ಪರಸ್ಪರ ಸ್ವತಂತ್ರವಾದ, ಎಂದರೆ ಒಂದನ್ನು ಉಳಿದವುಗಳಿಂದ ಪಡೆಯಲಾಗದ, ಕ್ರಿಯೆಗಳು 2 (ಹಿಮ್ಮುಖ ಕ್ರಿಯೆ ಮುಮ್ಮುಖದ ಋಣರೂಪವಷ್ಟೇ). 3 − 1 − 2 = 0; ಇದೇ ಜಾಲದ ‘ಕೊರತೆ’. ಸಂಶೋಧಕರಾದ ಹಾರ್ನ್, ಜಾಕ್ಸನ್ ಮತ್ತು ಫೈನ್‌ಬರ್ಗ್ 1972ರ ಸುಮಾರಿಗೆ ಕಟ್ಟಿದ ಸಿದ್ಧಾಂತದಂತೆ, ಕೊರತೆ ಸೊನ್ನೆಯಾದಾಗ ಕೇಳಬೇಕಾದ ಪ್ರಶ್ನೆ ಒಂದೇ: ಬಾಣಗಳ ದಾರಿ ಹಿಡಿದವರು ಹೊರಟಲ್ಲಿಗೆ ಮರಳಬಹುದೇ? ಧಾರವಾಡದಿಂದ ಹುಬ್ಬಳ್ಳಿಗೆ ಹೋದವರು ನವಲಗುಂದ ಸುತ್ತಿಯಾದರೂ ಮರಳಬಲ್ಲರು. ಗ್ಲೂಕೋಸಿನ ಬಿಂದುವಿಗೆ ಆ ಭಾಗ್ಯವಿಲ್ಲ. ಆದ್ದರಿಂದ, ರಾಶಿಕ್ರಿಯಾ ನಿಯಮ (ಕ್ರಿಯೆಯ ವೇಗ ಅದರಲ್ಲಿ ತೊಡಗುವ ಪದಾರ್ಥಗಳ ಸಾಂದ್ರತೆಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ ಎಂಬುದು) ಅನ್ವಯಿಸುವಲ್ಲಿ, ಆ ಅನುಪಾತದ ದರ ಸ್ಥಿರಾಂಕಗಳು ಏನೇ ಇದ್ದರೂ ಎಲ್ಲ ಪದಾರ್ಥಗಳೂ ಉಳಿದಿರುವ ಸ್ಥಿರಸ್ಥಿತಿ, ಎಂದರೆ ಪ್ರಮಾಣಗಳು ಬದಲಾಗದೆ ನಿಲ್ಲುವ ಸ್ಥಿತಿ, ಇಲ್ಲಿ ಸಾಧ್ಯವಿಲ್ಲ.