ರಾತ್ರಿಯ ರಾಕೆಟ್ ಉಡಾವಣೆಯ ಚಿತ್ರ ತೆಗೆಯುವವರಿಗೆ ಕೆಲವು ಸಲಹೆಗಳು

ರಾತ್ರಿ ಹಾರುವ ರಾಕೆಟ್ಟಿನ ಪಥವನ್ನು ಒಂದೇ ಚಿತ್ರದಲ್ಲಿ ಬೆಳಕಿನ ಚಾಪವಾಗಿ ಸೆರೆಹಿಡಿಯಬೇಕೆಂದಿರುವವರು, ಅದು ಯಾವ ದಿಕ್ಕಿಗೆ ಸಾಗಲಿದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ರಾಕೆಟ್ ನೇರವಾಗಿ ಮೇಲೇರುವುದು ಆರಂಭದಲ್ಲಿ ಮಾತ್ರ. ಆಮೇಲೆ ಕಕ್ಷೆಗೆ ಬೇಕಾದ ವೇಗ ಗಳಿಸಲು ದಿಗಂತದ ಕಡೆಗೆ ವಾಲುವುದರಿಂದ, ಚೌಕಟ್ಟಿನಲ್ಲಿ ಆ ಬದಿಗೆ ಧಾರಾಳವಾಗಿ ಜಾಗ ಬಿಡಿ.

ಕ್ಯಾಮೆರಾವನ್ನು ಗಟ್ಟಿಯಾದ ಟ್ರೈಪಾಡ್ ಮೇಲಿರಿಸಿ, ವೈಡ್ ಆ್ಯಂಗಲ್ ಲೆನ್ಸ್ ಹಾಕಿ, ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ಬಲ್ಬ್ ಮೋಡ್‌ನಲ್ಲಿ ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ) ಮತ್ತು ಎಫ್/11ರ ಆಸುಪಾಸಿನ, ಬೆಳಕು ಒಳಬಿಡುವ ಕಿಂಡಿಯಾದ ಅಪರ್ಚರ್‌ನಿಂದ ಆರಂಭಿಸಬಹುದು. ಘನ ಇಂಧನದ ಬೂಸ್ಟರ್‌ಗಳ ಜ್ವಾಲೆ ಕಣ್ಣು ಕೋರೈಸುವಷ್ಟು ಪ್ರಖರವಾಗಿರುವುದರಿಂದ ಅಲ್ಲಿ ಇನ್ನೂ ಕಡಿಮೆ ಬೆಳಕು ಬಿಡುವ ಎಫ್/16 ಸುರಕ್ಷಿತ. ಹೆಚ್ಚಿನ ಚಿತ್ರಗಳು ಕೆಡುವುದು ಫೋಕಸ್‌ನಲ್ಲಿ ಎಂಬುದು ನನ್ನ ಅಭಿಪ್ರಾಯ. ಆಟೋಫೋಕಸ್ ಕತ್ತಲಲ್ಲಿ ತಡಕಾಡುತ್ತದೆಯಾದ್ದರಿಂದ, ಪ್ರಕಾಶಮಾನವಾದ ನಕ್ಷತ್ರವೊಂದನ್ನು ಪರದೆಯ ಮೇಲೆ ಹಿಗ್ಗಿಸಿಕೊಂಡು, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಫೋಕಸ್ ರಿಂಗನ್ನು ಕೈಯಿಂದ ತಿರುಗಿಸಿ, ಆ ಸ್ಥಾನದಲ್ಲೇ ಅಂಟುಪಟ್ಟಿ ಹಚ್ಚಿಬಿಡಿ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ದೀರ್ಘ ಹೊತ್ತಿನ ಚಿತ್ರದಲ್ಲಿ ಮೂಡುವ ಚುಕ್ಕೆಗಳನ್ನು ಅಳಿಸುವ) ಸೌಲಭ್ಯವನ್ನು ಆಫ್ ಮಾಡಿಡಿ. ಇಲ್ಲವಾದರೆ ಮೂರು ನಿಮಿಷದ ಚಿತ್ರದ ನಂತರ ಕ್ಯಾಮೆರಾ ಇನ್ನೂ ಮೂರು ನಿಮಿಷ ಯಾವ ಕೆಲಸಕ್ಕೂ ಒದಗುವುದಿಲ್ಲ.

ಎಂಜಿನ್ ಹೊತ್ತಿಕೊಂಡೊಡನೆ ರಿಮೋಟ್‌ನಿಂದ ಶಟರ್ ತೆರೆದು, ಜ್ವಾಲೆ ಚೌಕಟ್ಟಿನಿಂದ ಮರೆಯಾಗುವವರೆಗೂ ಕ್ಯಾಮೆರಾವನ್ನು ಮುಟ್ಟದಿರಿ. (ಆ ಹೊತ್ತು ಬರಿಗಣ್ಣಿನಿಂದ ನೋಡುವುದಕ್ಕೇ ಮೀಸಲು.) ಶಬ್ದವು ಒಂದು ಕಿಲೋಮೀಟರ್ ಕ್ರಮಿಸಲು ಸುಮಾರು 3 ಸೆಕೆಂಡ್ ಹಿಡಿಯುವುದರಿಂದ, 12 ಕಿಲೋಮೀಟರ್ ದೂರದಲ್ಲಿ ನಿಂತವರಿಗೆ ಗುಡುಗು ಕೇಳುವಷ್ಟರಲ್ಲಿ ರಾಕೆಟ್ ಸಾಕಷ್ಟು ಮೇಲೇರಿರುತ್ತದೆ, ಸದ್ದು ಕೇಳಿದ ಮೇಲೆ ಶಟರ್ ಒತ್ತೋಣವೆಂದು ಕಾಯಬೇಡಿ.