ಹೆರಿಗೆ ರಜೆಗೆ ಪತ್ರ ಬರೆಯಿರಿ, ರಾಜೀನಾಮೆ ಅಲ್ಲ

ತುಮಕೂರಿನ ಬಟ್ಟೆ ಅಂಗಡಿ, ಲ್ಯಾಬ್, ಶೋರೂಂಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಏಳನೇ ತಿಂಗಳಲ್ಲಿ ಮಾಡುವ ತಪ್ಪು ಒಂದೇ. "ಸುಮ್ನೆ ಫಾರ್ಮಾಲಿಟಿಗೆ ಒಂದು ರಾಜೀನಾಮೆ ಬರೆದುಕೊಡಮ್ಮ. ಮಗು ಆದ್ಮೇಲೆ ಬಾ, ನಿನ್ನ ಕೆಲಸ ಎಲ್ಲಿ ಹೋಗುತ್ತೆ?" ಅಂತ ಮಾಲೀಕರು ನಗುತ್ತಲೇ ಹೇಳುತ್ತಾರೆ. ಇವರು ಬರೆದುಕೊಡುತ್ತಾರೆ. ನನ್ನ ಚಿಕ್ಕಮ್ಮನ ಮಗಳೂ ಕೊಟ್ಟಳು, ಅದೂ ಅಂಗಡಿಯ ಬಿಲ್ ಹಾಳೆಯ ಹಿಂಬದಿಯಲ್ಲಿ. ಐದು ತಿಂಗಳ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಹೋದರೆ ಕೌಂಟರ್‌ನಲ್ಲಿ ಬೇರೆ ಹುಡುಗಿ ನಿಂತಿದ್ದಳು. ತಾನೇ ಬಿಟ್ಟ ಕೆಲಸಕ್ಕೆ ಯಾರ ಮೇಲೆ ದೂರು ಕೊಡುವುದು?

ಮೊದಲು ತಲೆ ಎಣಿಸಿ. ಕಳೆದ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ 10 ಜನ ಕೆಲಸಕ್ಕಿದ್ದರೂ ಹೆರಿಗೆ ಸೌಲಭ್ಯದ ಕಾನೂನು ಆ ಅಂಗಡಿಗೆ ಅನ್ವಯಿಸುತ್ತದೆ. ಹೆಂಗಸರನ್ನು ಮಾತ್ರ ಎಣಿಸಬೇಡಿ. ಸಂಬಳಕ್ಕಿರುವ ಡ್ರೈವರ್, ಹೆಲ್ಪರ್, ಗೋಡೌನ್ ಹುಡುಗ ಎಲ್ಲರೂ ಲೆಕ್ಕಕ್ಕೆ. 1961ರ ಕಾಯ್ದೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಹೆಸರು ಬದಲಾಯಿತು, ಲೆಕ್ಕ ಹಳೆಯದೇ.

ಆಮೇಲೆ ದಿನ ಎಣಿಸಿ. ಹೆರಿಗೆ ದಿನಾಂಕದ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಮೇತ ರಜೆ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ.

ಸಂಬಳದ ಚೀಟಿಯಲ್ಲಿ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆಯ ದುಡ್ಡು, ಹಿಡಿಯುತ್ತಾರಾ ನೋಡಿ. 16,000 ಸಂಬಳಕ್ಕೆ 0.75 ಪರ್ಸೆಂಟ್ ಅಂದರೆ 120 ರೂಪಾಯಿ. ಹಿಡಿಯುತ್ತಿದ್ದರೆ ರಜೆಯ ದುಡ್ಡು ಮಾಲೀಕರಿಂದಲ್ಲ, ಇಎಸ್‌ಐನಿಂದಲೇ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಆದರೂ ಮಾಲೀಕರಿಗೆ ಪತ್ರ ಕೊಡುವುದನ್ನು ಬಿಡಬೇಡಿ.

ಈಗ ಆ ಪತ್ರ. ಎಲ್ಲರೂ ಎಡವುವುದು ಇಲ್ಲೇ.

ಇದಕ್ಕೆ ಛಾಪಾ ಕಾಗದ ಬೇಡ, ನೋಟರಿ ಬೇಡ. ಬಿಳಿ ಹಾಳೆ, ನೀಲಿ ಪೆನ್ನು, ನಿಮ್ಮದೇ ಕನ್ನಡ. ಟೈಪ್ ಮಾಡಿಸುವುದು ನನಗೆ ಇಷ್ಟವಿಲ್ಲ. ಡಿಟಿಪಿ ಅಂಗಡಿಯವರು ಕಂಪ್ಯೂಟರ್‌ನಲ್ಲಿರುವ ಯಾವುದೋ ಹಳೆಯ ನಮೂನೆಗೆ ನಿಮ್ಮ ಹೆಸರು ತುಂಬಿ ಕೊಡುತ್ತಾರೆ. ಹಾಗೆ ಬಂದ ಒಂದು ಪತ್ರದ ಮೂರನೇ ಸಾಲಿನಲ್ಲಿ "ಸಂಬಳರಹಿತ ರಜೆ ಮಂಜೂರು ಮಾಡಿ" ಅಂತಿತ್ತು! ಸಹಿ ಹಾಕಿದವಳು ಓದಿಯೇ ಇರಲಿಲ್ಲ. ನೆಟ್‌ನಲ್ಲಿ ಸಿಗುವ ನಮೂನೆಗಳ ಹಣೆಬರಹವೂ ಜಾಸ್ತಿ ಬೇರೆಯಲ್ಲ.

ಕೆಲಸಕ್ಕೆ ಸೇರಿದ ದಿನ, ನಿಮ್ಮ ಹುದ್ದೆ, ಡಾಕ್ಟರ್ ಕೊಟ್ಟಿರುವ ಹೆರಿಗೆ ದಿನಾಂಕ, ಯಾವತ್ತಿನಿಂದ ರಜೆ ಬೇಕು, ಇಷ್ಟನ್ನು ಬರೆಯಿರಿ. 26 ವಾರದ ರಜೆಯಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತಗೊಳ್ಳಬಹುದು. ಅಕ್ಟೋಬರ್ 20ಕ್ಕೆ ದಿನ ಕೊಟ್ಟಿದ್ದರೆ ಆಗಸ್ಟ್ 25ರಿಂದ. ಆದಷ್ಟು ತಡವಾಗಿ ಹೊರಡಿ ಅಂತಲೇ ನನ್ನ ಸಲಹೆ, ಮಗು ಹುಟ್ಟಿದ ಮೇಲೆ ಆ ವಾರಗಳು ಕೈಗೆ ಉಳಿಯುತ್ತವೆ. ಮೈ ಕೇಳದಿದ್ದರೆ ಬೇರೆ ಮಾತು. ರಜೆಯಲ್ಲಿ ಬೇರೆ ಕಡೆ ಕೆಲಸ ಮಾಡುವುದಿಲ್ಲ ಅನ್ನುವ ಸಾಲು ಬೇಕೇ ಬೇಕು. ನಿಮ್ಮ ಬದಲು ದುಡ್ಡು ಪಡೆಯುವವರು ಇದ್ದರೆ ಅವರ ಹೆಸರೂ ಬರಲಿ. ಕೊನೆಗೆ "ರಜೆ ಮುಗಿದ ಮೇಲೆ ಇದೇ ಕೆಲಸಕ್ಕೆ ಹಾಜರಾಗುತ್ತೇನೆ" ಅಂತ ಸ್ಪಷ್ಟವಾಗಿ ಬರೆಯಿರಿ. ತಾಯಿ ಕಾರ್ಡ್‌ನ ಜೆರಾಕ್ಸ್ ಲಗತ್ತಿಸಿ.

ಇದನ್ನೇ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸಹಿ, ತಾರೀಖು, ಅಂಗಡಿಯ ಸೀಲು ಹಾಕಿಸಿಕೊಳ್ಳಿ. "ಇಟ್ಟು ಹೋಗಮ್ಮ, ನೋಡೋಣ" ಅಂದರೆ ಜಗಳ ಬೇಡ. ಪೋಸ್ಟ್ ಆಫೀಸಿಗೆ ಹೋಗಿ ಸ್ವೀಕೃತಿ ಸಮೇತ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ. ವಾಟ್ಸ್ಆ್ಯಪ್‌ನಲ್ಲೂ ಫೋಟೋ ಕಳಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಪತ್ರ ಕೊಡುವ ಮುಂಚೆಯೇ ಹೆರಿಗೆ ಆಗಿಹೋಯಿತಾ? ಆಮೇಲೆ ಕೊಟ್ಟರೂ ನಡೆಯುತ್ತದೆ, ಹಕ್ಕು ಹೋಗುವುದಿಲ್ಲ.

ದುಡ್ಡಿನ ವಿಷಯ ಸುಲಭ. ಇಎಸ್‌ಐ ಇಲ್ಲದಿದ್ದರೆ, ಹೆರಿಗೆಗೆ ಮುಂಚಿನ ವಾರಗಳದ್ದನ್ನು ಮಾಲೀಕರು ಮುಂಗಡವಾಗಿ ಕೊಡಬೇಕು. ಉಳಿದದ್ದು ಮಗು ಹುಟ್ಟಿದ ದಾಖಲೆ ಕೊಟ್ಟ 48 ಗಂಟೆಯೊಳಗೆ.

ರಜೆಯಲ್ಲಿದ್ದಾಗ ತೆಗೆದುಹಾಕುವುದಾಗಲಿ, ಸಂಬಳ ಇಳಿಸುವುದಾಗಲಿ ಕಾನೂನುಬಾಹಿರ. ರಜೆಯ ನಡುವೆ ಅವಧಿ ಮುಗಿಯುವ ಹಾಗೆ ನೋಟಿಸ್ ಕೊಡುವುದೂ ಹಾಗೇ. ಹಾಗೇನಾದರೂ ಆದರೆ ಆ ಸೀಲು ಬಿದ್ದ ಪ್ರತಿ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಮಾಲೀಕರು ಕೆಲಸದಿಂದ ತೆಗೆದ ಆದೇಶ ಕೈಗೆ ಬಂದ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಬಾಣಂತನ ಮುಗಿಯಲಿ ಅಂತ ಕಾದರೆ ಆ ದಿನ ದಾಟಿಹೋಗುತ್ತದೆ, ಅಲ್ವಾ? ಗಂಡನೋ ಅಣ್ಣನೋ ಓಡಾಡಲಿ, ನೀವು ಸಹಿ ಹಾಕಿ.

ಅಂಗಡಿಯಲ್ಲಿ ಇರುವುದೇ ನಾಲ್ಕೈದು ಜನ ಅಂದರೆ 26 ವಾರದ ಹಕ್ಕು ಸಿಗುವುದಿಲ್ಲ. ಆದರೆ ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯಬಾರದು ಅಂತ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಅಂಗನವಾಡಿಯಲ್ಲಿ ಮಾತೃವಂದನಾ ಯೋಜನೆಗೂ ಅರ್ಜಿ ಹಾಕಿ. ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಬರುತ್ತದೆ.

26 ವಾರದ ರಜೆ ಮುಗಿಸಿ ವಾಪಸ್ ಹೋದವರು ಮೊದಲ ದಿನವೇ ಇನ್ನೊಂದು ಮಾತು ಹೇಳಿಬಿಡಿ. ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ಬಿಡುವಲ್ಲದೆ, ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು. ಮಧ್ಯಾಹ್ನ ಮಗುವನ್ನು ಅಂಗಡಿಗೆ ಕರೆತರಲು ಅತ್ತೆಗೋ ಅಮ್ಮನಿಗೋ ಈಗಲೇ ಹೇಳಿಟ್ಟಿರಿ.