ಕಾರು ತೊಳೆಯಲು ಮೊದಲು ಬಟ್ಟೆ ಆರಿಸಿ, ಬಾಟಲಿ ಆಮೇಲೆ

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಬೆಳಗ್ಗೆ ಹೋಗುವಾಗ ಎಷ್ಟೋ ಅಂಗಳಗಳಲ್ಲಿ ಒಂದೇ ನೋಟ ಕಾಣುತ್ತೇನೆ. ಕಾರಿನ ಮೇಲೆ ಕೆಂಪು ಧೂಳು. ಅದರ ಮೇಲೆ ಒಣ ಬೈರಾಸು. ಐದು ನಿಮಿಷದಲ್ಲಿ ಒರೆಸಿ ಮುಗಿಯಿತು. ಎರಡು ವರ್ಷ ಕಳೆದ ಮೇಲೆ ಅದೇ ಬಾನೆಟನ್ನು ಬಿಸಿಲಿನಲ್ಲಿ ನೋಡಿ, ಜೇಡರ ಬಲೆಯ ಹಾಗೆ ಸುತ್ತಲೂ ಗೀರು. ಪೇಂಟ್ ಸರಿಯಿಲ್ಲ ಅನ್ನುತ್ತಾರೆ. ಪೇಂಟ್ ಸರಿಯೇ ಇತ್ತು, ಹಾಳು ಮಾಡಿದ್ದು ಬೈರಾಸು.

ನಮ್ಮದು ಮುರಕಲ್ಲಿನ ಧೂಳು. ಅದರಲ್ಲಿ ಗಟ್ಟಿ ಮರಳಿನ ಕಣ ಇರುತ್ತದೆ. ಕಾರಿನ ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ತೆಳು. ಅದರ ಮೇಲೆ ಧೂಳು ಸಮೇತ ಒಣ ಬಟ್ಟೆ ಎಳೆದರೆ ಸ್ಯಾಂಡ್ ಪೇಪರ್ ಉಜ್ಜಿದ ಹಾಗೆಯೇ.

ಹಾಗಾಗಿ ನಿಮ್ಮ ಹತ್ತಿರ ಇರುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಟ್ಟೆಗೆ ಇಡಿ.

ಮೊದಲು ಬಕೆಟ್. ಎರಡು ಬೇಕು, ಒಂದು ಸಾಲದು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕಾರು ಒರೆಸಿದ ಕೈಗವಸನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಾಡಿಸಿಯೇ ಶಾಂಪೂಗೆ ಅದ್ದಬೇಕು. ತಳದಲ್ಲಿ ಇಡುವ ಜಾಲರಿ, ಗ್ರಿಟ್ ಗಾರ್ಡ್ ಅನ್ನುತ್ತಾರೆ, ಸಿಕ್ಕಿದರೆ ತಗೊಳ್ಳಿ. ಕೆಳಗೆ ಇಳಿದ ಮಣ್ಣು ಮತ್ತೆ ಮೇಲೆ ಬರುವುದಿಲ್ಲ.

ಶಾಂಪೂ ವಿಷಯ ಒಂದೇ ಮಾತು: ಪಿಎಚ್ ನ್ಯೂಟ್ರಲ್, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ್ದು, ಎಂದು ಬರೆದ ಕಾರ್ ಶಾಂಪೂ ತಗೊಳ್ಳಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಅದು ಎಣ್ಣೆಜಿಡ್ಡು ತೆಗೆಯಲೆಂದೇ ಮಾಡಿದ್ದು, ನೀವು ಹಚ್ಚಿದ ವ್ಯಾಕ್ಸನ್ನೂ ಬಿಡುವುದಿಲ್ಲ.

ಈಗ ಬಟ್ಟೆ. ಇಲ್ಲಿಯೇ ಹೆಚ್ಚಿನವರು ಎಡವುವುದು.

ತೊಳೆಯಲು ಸ್ಪಂಜ್ ಬೇಡ. ಅದರ ಮುಖ ಚಪ್ಪಟೆ, ಮರಳಿನ ಕಣ ಒಳಗೆ ಹೋಗಲು ಜಾಗವಿಲ್ಲ, ಪೇಂಟಿನ ಮೇಲೆಯೇ ಉರುಳುತ್ತದೆ. ಶ್ಯಾವಿಗೆಯ ಹಾಗೆ ಎಳೆ ಎಳೆ ನೇತಾಡುವ ಮೈಕ್ರೋಫೈಬರ್ ಕೈಗವಸು ಒಳ್ಳೆಯದು. ಕಣಗಳು ಎಳೆಗಳ ಬುಡಕ್ಕೆ ಸೇರಿ ಪೇಂಟಿನಿಂದ ದೂರ ಉಳಿಯುತ್ತವೆ.

ಒರೆಸುವ ಮೈಕ್ರೋಫೈಬರ್ ಬಟ್ಟೆಯಲ್ಲಿ ಜಿಎಸ್ಎಂ ಎಂಬ ಸಂಖ್ಯೆ ನೋಡಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಒಳಗಿನ ಕೆಲಸಕ್ಕೆ, ವ್ಯಾಕ್ಸ್ ತೆಗೆಯಲು 300-400 ಸಾಕು. ನೀರು ಹೀರಲು 800ರ ಆಸುಪಾಸಿನ ದಪ್ಪ ಟವಲ್ ಒಂದು ಇರಲಿ. ಸಂಖ್ಯೆಯನ್ನೇ ಬರೆಯದ ಕಟ್ಟು ಬಟ್ಟೆಗಳನ್ನು ನಾನು ಚಕ್ರಕ್ಕೆ ಮಾತ್ರ ಬಳಸುತ್ತೇನೆ.

ಅಂಚನ್ನು ಬೆರಳಲ್ಲಿ ಸವರಿ ನೋಡಿ. ನೈಲಾನ್ ದಾರದ ಗಟ್ಟಿ ಹೊಲಿಗೆ ಇದ್ದರೆ ಪೇಂಟಿಗೆ ಬೇಡ. ಮೂಲೆಯ ಲೇಬಲ್ ಕತ್ತರಿಸಿಬಿಡಿ. ಸಂಶಯ ಇದ್ದರೆ ಮನೆಯಲ್ಲಿ ಬಿದ್ದಿರುವ ಹಳೆಯ ಸಿಡಿಯ ಹೊಳೆಯುವ ಬದಿಗೆ ಹತ್ತು ಸಲ ಉಜ್ಜಿ, ಬೆಳಕಿಗೆ ಹಿಡಿಯಿರಿ. ಗೀರು ಕಂಡರೆ ಆ ಬಟ್ಟೆ ಬಾನೆಟ್ ಹತ್ತಿರ ಹೋಗಬಾರದು.

ಮೂರು ಬಣ್ಣದಲ್ಲಿ ತನ್ನಿ: ಪೇಂಟಿಗೆ ಒಂದು, ಗಾಜಿಗೆ ಒಂದು, ಚಕ್ರಕ್ಕೆ ಒಂದು. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಳಸಬೇಡಿ, ಅದು ಅಂದಿನಿಂದ ಚಕ್ರದ್ದು. ಒಗೆಯುವಾಗ ಹತ್ತಿ ಬಟ್ಟೆಯ ಜೊತೆ ಹಾಕಬೇಡಿ, ನೂಲು ಅಂಟುತ್ತದೆ. ಫ್ಯಾಬ್ರಿಕ್ ಕಂಡಿಷನರ್ ಕೂಡ ಬೇಡ, ನೀರು ಹೀರುವ ಗುಣ ಹೋಗುತ್ತದೆ. ಇನ್ನೊಂದು ನಮ್ಮ ಕಡೆಯ ವಿಷಯ: ಅಡಿಕೆ ಹರಡಿದ ಅಂಗಳದ ಬದಿಯಲ್ಲಿ ಒಣಗಲು ಹಾಕಬೇಡಿ. ಒಮ್ಮೆ ನನ್ನ ಟವಲಿನಲ್ಲಿ ಅಡಿಕೆ ಸಿಪ್ಪೆಯ ನಾರು ಎಷ್ಟು ಹೊಕ್ಕಿತ್ತೆಂದರೆ ಒಂದೊಂದಾಗಿ ಕಿತ್ತರೂ ಮುಗಿಯಲಿಲ್ಲ. ನೆರಳಿನಲ್ಲಿ, ಹಗ್ಗದ ಮೇಲೆ ಹಾಕಿ.

ತೊಳೆಯುವುದು ಸುಲಭ. ನೆರಳಲ್ಲಿ ನಿಲ್ಲಿಸಿ. ಮುಟ್ಟುವ ಮೊದಲು ಪೈಪಿನ ನೀರಿನಲ್ಲೇ ಧೂಳನ್ನು ಪೂರ್ತಿ ಇಳಿಸಿ. ಮೇಲಿಂದ ಕೆಳಗೆ ಬನ್ನಿ, ಚಕ್ರ ಬೇರೆ ಬಟ್ಟೆಯಲ್ಲಿ. ನೀರು ತಾನಾಗಿ ಒಣಗಲು ಬಿಡಬೇಡಿ, ಬೋರ್‌ವೆಲ್ ನೀರಾದರೆ ಕಲೆ ಕೂತುಬಿಡುತ್ತದೆ. ಬಾವಿಯದ್ದೋ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ್ದೋ ನೀರಿದ್ದರೆ ನಾನು ಅದನ್ನೇ ಬಳಸುತ್ತೇನೆ.

ಹಲಸಿನ ಮೇಣ ಅಥವಾ ಹೊಸ ಹೆದ್ದಾರಿಯ ಡಾಂಬರು ಅಂಟಿದ್ದರೆ ಚಾಕು, ಸೀಮೆಎಣ್ಣೆ ಎರಡೂ ಬೇಡ. ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ, ಮೆತ್ತಗಾದ ಮೇಲೆ ಒರೆಸಿ, ಶಾಂಪೂ ಹಾಕಿ ತೊಳೆಯಿರಿ.

ಇನ್ನು ಹೊಳಪಿನ ಡಬ್ಬಗಳು. ಕಾಂಪೌಂಡ್, ಪಾಲಿಶ್, ವ್ಯಾಕ್ಸ್ ಮೂರೂ ಬೇರೆ ಬೇರೆ. ಕಾಂಪೌಂಡ್ ಕ್ಲಿಯರ್ ಕೋಟನ್ನು ಸವೆಸುತ್ತದೆ. ಪಾಲಿಶ್ ಕೂಡ ಸವೆಸುತ್ತದೆ, ಕಡಿಮೆ. ವ್ಯಾಕ್ಸ್ ಮಾತ್ರ ಮೇಲೆ ಕೂತು ಕಾಯುತ್ತದೆ. ಹಿಂದೊಮ್ಮೆ ಅಂಗಡಿಯವರು ಪಾಲಿಶ್ ಎಂದು ಕೊಟ್ಟ ಡಬ್ಬವನ್ನು ನಂಬಿ ಬಾಗಿಲಿಗೆ ತಿಕ್ಕಿದೆ. ಅದು ರಬ್ಬಿಂಗ್ ಕಾಂಪೌಂಡ್ ಆಗಿತ್ತು. ಅಂಗೈಯಗಲದ ಮಂಕು ಕಲೆ ಈಗಲೂ ಉಳಿದಿದೆ. ಡಬ್ಬದ ಹಿಂಬದಿ ಪೂರ್ತಿ ಓದಿ, ಆಮೇಲೆ ದುಡ್ಡು ಕೊಡಿ. ಗೀರು ತೆಗೆಯುವ ಮೆಷಿನ್ ಬೇಕೇಬೇಕು ಅನಿಸಿದರೆ ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆ್ಯಕ್ಷನ್ ತಗೊಳ್ಳಿ. ಸುಮ್ನೆ ಒಂದೇ ಕಡೆ ತಿರುಗುವ ರೋಟರಿ ಅಭ್ಯಾಸವಿಲ್ಲದ ಕೈಗೆ ಬೇಡ, ಪೇಂಟ್ ಸುಡುತ್ತದೆ.

ಡ್ಯಾಶ್‌ಬೋರ್ಡಿಗೆ ಎಣ್ಣೆ ಎಣ್ಣೆ ಹೊಳೆಯುವ ಸ್ಪ್ರೇ ನಾನು ಬಳಸುವುದಿಲ್ಲ. ಧೂಳು ಹಿಡಿಯುತ್ತದೆ, ಬಿಸಿಲಿಗೆ ಗಾಜಿನಲ್ಲಿ ಪ್ರತಿಬಿಂಬ ಬೀಳುತ್ತದೆ. ಒದ್ದೆ ಮೈಕ್ರೋಫೈಬರ್ ಸಾಕು.

ವ್ಯಾಕ್ಸ್ ಆರಿಸುವಾಗ ನನ್ನ ಮತ ಸಿಂಥೆಟಿಕ್ ಸೀಲೆಂಟಿಗೆ, ಅಂದರೆ ಕೃತಕವಾಗಿ ತಯಾರಿಸಿದ ಲೇಪಕ್ಕೆ. ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಚೆಂದ ಹೊಳೆಯುತ್ತದೆ, ಆದರೆ ನಮ್ಮ ಮಳೆಗಾಲಕ್ಕೂ ಕಡಲಿನ ಉಪ್ಪುಗಾಳಿಗೂ ಅಷ್ಟು ದಿನ ತಾಳುವುದಿಲ್ಲ. ಮೇ ಕೊನೆಯ ವಾರ ತೊಳೆದು, ಚೆನ್ನಾಗಿ ಒಣಗಿಸಿ, ತೆಳ್ಳಗೆ ಹಚ್ಚಿ. ಜೂನಿನ ಮೊದಲ ಮಳೆಗೆ ಬಾನೆಟಿನ ಮೇಲೆ ನೀರು ಮಣಿ ಮಣಿಯಾಗಿ ಉರುಳಿದರೆ ಹಿಡಿದಿದೆ. ಚಪ್ಪಟೆಯಾಗಿ ಹರಡಿ ನಿಂತರೆ ಮಳೆ ಬಿಟ್ಟ ದಿನ ಇನ್ನೊಮ್ಮೆ ಹಚ್ಚಬೇಕು.